ಬ್ರೇಕಿನ ಮೇಲಿನ ಕಾಲು

ಹೊಸ ಎಲ್‌ಇಡಿ ಮಿಣಕ್ಕೆಂದು ಒಮ್ಮೆ ಕಣ್ಣು ಬಿಟ್ಟು ಸತ್ತುಹೋಯಿತು. ಸಿದ್ದರಾಜು ಜೀಪಿನ ಹಿಂದೆ ಮಂಡಿಯೂರಿ ಹೋಲ್ಡರನ್ನು ಒತ್ತಿ ನೋಡಿದ, ತಿರುವಿ ನೋಡಿದ, ಬಾಯಿಂದ ಊದಿಯೂ ನೋಡಿದ. ಹೋದದ್ದು ಹೋಗಿಯೇ ಇತ್ತು. ಅದೇ ಹೋಲ್ಡರಿಗೆ ಹಳೆಯ ಬಲ್ಬು ಹಾಕಿದರೆ ಮಂಕಾಗಿಯಾದರೂ ಕೆಂಪಗೆ ಉರಿಯುತ್ತಿತ್ತು.

"ಏನಯ್ಯಾ, ಹೊಸ ಮಾಲೇ ಡೂಪ್ಲಿಕೇಟಾ?" ಸಿದ್ದರಾಜುವಿನ ಗಾಡಿ ವೈರಿಂಗ್ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಕೀರ್ತಿಕುಮಾರ್ ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ.

"ಮಾಲು ಸರಿ ಐತೆ ಸಾರ್. ವೈರಿಂಗಲ್ಲೇ ಏನೋ ತಕರಾರು."

"ತಕರಾರು ಗಿಕರಾರು ನಂಗೊತ್ತಿಲ್ಲ. ಠಾಣೇಲಿ ಮಾತಾಡಿ ಗಾಡಿ ತಂದಿದೀನಿ, ನಾಳೆ ಹತ್ತು ಗಂಟೆಗೆ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಇಲ್ಲಿಗೇ ಬರ್ತಾರೆ. ಹಿಂದಿಂದು, ಇಂಡಿಕೇಟರು, ಬ್ರೇಕ್ ಲೈಟು, ಒಂದೂ ಬಿಡದಂಗೆ ಎಲ್‌ಇಡಿ ಆಗಿರ್ಬೇಕು. ಮದುವೆ ಮನೆ ಥರ ಉರೀಬೇಕು."

ಮದುವೆ ಮನೆಯಂತೆ. ಅವನ ಮೂಗಿನ ನೇರಕ್ಕೆ ಜೀಪಿನ ಎಡಮೂಲೆ ಹಿಂಡಿದ ಬಟ್ಟೆಯಂತೆ ಮುದುಡಿ ನಿಂತಿತ್ತು. ಯಾರೋ ಅದನ್ನು ಸೋಪು ಹಾಕಿ ತೊಳೆದಿದ್ದರು.

ಶನಿವಾರಸಂತೆ ಕಡೆಯಿಂದ ಬಂದ ಕೀರ್ತಿಕುಮಾರನದು ಕಾಫಿ ತೋಟಗಳಿಗೆ ಆಳು ಒದಗಿಸುವ ಕಂಟ್ರಾಕ್ಟು. ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾಯಿತೆಂದರೆ ಒಂಬತ್ತು ಜನರ ಜೀಪಿಗೆ ಹದಿನೆಂಟು ಹೆಂಗಸರನ್ನು ತುಂಬಿ ಚೆಟ್ಟಳ್ಳಿ, ಪಾಲಿಬೆಟ್ಟ ಅಂತ ಹಂಚುತ್ತಾನೆ. ಕಳೆದ ವಾರ ಒಂದು ಸಂಜೆ, ಮಂಜು ಇಳಿಯುವ ಹೊತ್ತಿಗೆ, ಇಲ್ಲಿಂದ ಎರಡು ಮೈಲಿ ಆಚೆಯ ಇಳಿಜಾರಿನಲ್ಲಿ ಡ್ರೈವರ್ ಗುಂಡ, ದೊಡ್ಡಿ ಎಂಬ ಕೂಲಿಯವಳನ್ನು ಇಳಿಸಲು ಜೀಪು ನಿಲ್ಲಿಸಿದ್ದ. ದೊಡ್ಡಿ ಒಂದು ಕಾಲನ್ನು ರಸ್ತೆಗೆ ಊರಿದ್ದಳು, ಇನ್ನೊಂದು ಜೀಪಿನಲ್ಲೇ ಇತ್ತು. ಹಿಂದಿನಿಂದ ಬಂದ ಪ್ರವಾಸಿಗಳ ಕಾರು ಅವಳನ್ನೂ ಆ ಮೂಲೆಯನ್ನೂ ಒಟ್ಟಿಗೆ ಅಪ್ಪಚ್ಚಿ ಮಾಡಿತು. ನಾಲ್ಕು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಆ ನಾಲ್ಕು ದಿನ ದೂರೂ ಇಲ್ಲ, ಕೇಸೂ ಇಲ್ಲ. ಜೀಪು ಕೀರ್ತಿಕುಮಾರನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಉಸಿರಾಡುತ್ತಿರುವ ಕೂಲಿಯವಳ ಸೊಂಟಕ್ಕೆ ಯಾರೂ ಒಂದು ಹಾಳೆ ಕಾಗದ ಖರ್ಚು ಮಾಡುವುದಿಲ್ಲ. ನಿನ್ನೆ ಬೆಳಿಗ್ಗೆ ಅವಳು ಸತ್ತಳು. ಮಧ್ಯಾಹ್ನಕ್ಕೆ ಕೇಸು ಹುಟ್ಟಿತು.

ಜೀಪಿನ ಹಿಂದೆ ದೀಪವೇ ಇರಲಿಲ್ಲ ಅಂತ ಕಾರಿನವರು ಬರೆಸಿದ್ದರು. ಸ್ವಿಚ್ ಹಾಕಿದ್ದೆ ಅಂತ ಗುಂಡ ಹೇಳಿದ್ದ. ಅವನು ಈಗ ಠಾಣೆಯಲ್ಲಿದ್ದ.

"ಗುಂಡ ಸುಳ್ಳು ಹೇಳೋನಲ್ಲ ಸಾರ್," ಎಂದ ಸಿದ್ದರಾಜು, ಜೀಪಿನ ಅಡಿಗೆ ಗೋಣಿ ಹಾಸುತ್ತ.

"ಸುಳ್ಳೋ ನಿಜಾನೋ, ಅದಲ್ಲ ಲೆಕ್ಕ." ಕೀರ್ತಿಕುಮಾರ್ ಈಗ ಮೊಬೈಲು ಕೆಳಗಿಟ್ಟ. ಅವನ ದನಿ ಮೆತ್ತಗಾಯಿತು. "ಲೈಟು ಕೆಟ್ಟಿತ್ತು ಅಂದ್ರೆ ಕೇಸು ಗಾಡಿ ಮೇಲೆ, ಅಂದ್ರೆ ನನ್ ಮೇಲೆ. ಲೈಟು ಸರಿ ಇತ್ತು, ಇವನೇ ಹಾಕಿಲ್ಲ ಅಂದ್ರೆ ಅವನ ಮೇಲೆ. ಅವ್ನಿಗೇನಯ್ಯಾ, ಒಳಗೂ ಅನ್ನ, ಹೊರಗೂ ಅನ್ನ. ನಾನು ಒಳಗೋದ್ರೆ ನೂರಿಪ್ಪತ್ತು ಜನದ ಕೆಲಸ ಹೋಗುತ್ತೆ. ಹೊಟ್ಟೆಗೇನು ತಿಂತಾರೆ ಅವರು?"

ನೂರಿಪ್ಪತ್ತು ಜನರ ಹೊಟ್ಟೆಯ ಮಾತನ್ನು ಅವನು ಎಷ್ಟು ಚೆನ್ನಾಗಿ ಆಡಿದನೆಂದರೆ, ಒಂದು ಗಳಿಗೆ ಸಿದ್ದರಾಜುವಿಗೂ ಅದು ಸರಿ ಎನಿಸಿತು. ಹೀಗೆ ಎನಿಸುವಂತೆ ಮಾತಾಡಲು ಬಂದವರೇ ಕಂಟ್ರಾಕ್ಟರಾಗುವುದು. ಕೀರ್ತಿಕುಮಾರ್ ಎದ್ದು, ಸಂಜೆಯೊಳಗೆ ಫೋನ್ ಮಾಡು ಎಂದು, ತನ್ನ ಬಿಳಿ ಕಾರು ಹತ್ತಿ ಹೋದ.

ಸಿದ್ದರಾಜು ಗೋಣಿಯ ಮೇಲೆ ಅಂಗಾತ ಜಾರಿ ಜೀಪಿನಡಿ ಸೇರಿದ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವ ಕೆಲಸ. ಅರಕಲಗೂಡು ಬಿಟ್ಟು ಕುಶಾಲನಗರದ ಹತ್ತಿರ ಜೋಳ ಬೆಳೆಯಲು ಬಂದ ಅಪ್ಪನ ಜತೆ ಹೊಲಕ್ಕಿಳಿಯದೆ, ವೈರು ಹಿಡಿದು ಚೆಟ್ಟಳ್ಳಿಗೆ ಬಂದವನು. ಟೆಸ್ಟರ್ ಮುಟ್ಟಿಸಿದ ಕಡೆಯೆಲ್ಲ ಕರೆಂಟು ಬರುತ್ತಿತ್ತು. ಬರುವುದಕ್ಕೆ ತೊಂದರೆಯಿಲ್ಲ, ಹಾಗಾದರೆ ತೊಂದರೆ ವಾಪಸ್ಸು ಹೋಗುವುದಕ್ಕೆ. ದೀಪ ಉರಿಸಿದ ಕರೆಂಟು ಅರ್ಥ್ ವೈರು ಹಿಡಿದು ಜೀಪಿನ ಕಬ್ಬಿಣಕ್ಕೆ ಇಳಿಯಬೇಕು. ಆ ದಾರಿ ಮುಚ್ಚಿದ್ದರೆ ಹಳೆಯ ಬಲ್ಬು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಕಳ್ಳದಾರಿಯಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಎಲ್‌ಇಡಿಗೆ ಆ ಉಪಾಯ ಗೊತ್ತಿಲ್ಲ. ಅದು ಸುಮ್ಮನೆ ಸಾಯುತ್ತದೆ.

ಅರ್ಥ್ ವೈರಿನ ಜಾಡು ಹಿಡಿದು ಅವನ ಬೆರಳು ಮುಂದೆ ಸಾಗಿತು. ಹೆಚ್ಚು ಜನ ಕೂರಲೆಂದು ಕೀರ್ತಿಕುಮಾರ್ ಬೆಂಚು ಹೊಡೆಸಿದಾಗ ಹಾಕಿದ್ದ ಆ್ಯಂಗಲ್ ಪಟ್ಟಿ ಸಿಕ್ಕಿತು. ಗಟ್ಟಿ ಬಣ್ಣ ಬಳಿದ ಕಬ್ಬಿಣದ ಪಟ್ಟಿ, ಆ ಬಣ್ಣ ದಾಟಿ ಕರೆಂಟು ಇಳಿಯುವುದಿಲ್ಲ. ಅದರ ಬೋಲ್ಟಿಗೆ, ಬಣ್ಣವನ್ನು ಉಜ್ಜದೆ, ವೈರು ಸುತ್ತಿ, ಕಪ್ಪು ಟೇಪು ಹಚ್ಚಲಾಗಿತ್ತು. ಟೇಪಿನ ಮೇಲೆ ಹಳದಿ ದಾರ. ಮೂರು ಸುತ್ತು, ಎರಡು ಗಂಟು.

ಸಿದ್ದರಾಜು ಟಾರ್ಚನ್ನು ಅದರ ಮೇಲಿಂದ ಸರಿಸಿದ. ಮತ್ತೆ ತಂದ.

ಇಲ್ಲಿನ ಮಳೆಗೆ ಯಾವ ಟೇಪೂ ನಿಲ್ಲುವುದಿಲ್ಲ, ಒಂದೇ ತಿಂಗಳಿಗೆ ಅಂಟು ಬಿಡುತ್ತದೆ. ಅದಕ್ಕೇ ಅವನು ಟೇಪಿನ ಮೇಲೆ ದಾರ ಕಟ್ಟುತ್ತಾನೆ. ಹೆಂಡತಿ ವೀಣಾಳ ಹೊಲಿಗೆ ಮಿಷನ್ನಿನ ಹಳದಿ ದಾರ. ಇಡೀ ಕೊಡಗಿನಲ್ಲಿ ಹೀಗೆ ಮಾಡುವವನು ಅವನೊಬ್ಬನೇ. ಸಿದ್ದರಾಜುವಿನ ಕೆಲಸ ಬಿಚ್ಚಲ್ಲ ಅಂತ ಡ್ರೈವರುಗಳು ಆ ದಾರ ತೋರಿಸಿ ಹೇಳುತ್ತಿದ್ದರು.

ಆಗಸ್ಟಿನ ಆ ಮಧ್ಯಾಹ್ನ ಅವನಿಗೆ ಪೂರ್ತಿ ನೆನಪಾಯಿತು. ಸುರಿಯುವ ಮಳೆ. ಆನೆ ಓಡಾಡುವ ದಾರಿಗೆ ಬೇಕೆಂದು ಮುಂದಿನ ಎರಡೂ ದೀಪಕ್ಕೆ ಎಲ್‌ಇಡಿ ಹಾಕಿಸಲು ಕೀರ್ತಿಕುಮಾರ್ ಬಂದಿದ್ದ. ಕೆಲಸ ಮುಗಿಯುವಾಗ ಹಿಂದಿನ ಅರ್ಥ್ ತುಕ್ಕು ತಿಂದು ತುಂಡಾಗಿರುವುದು ಕಂಡಿತು. ಎಡಗಡೆಯ ದೀಪವಂತೂ ಸತ್ತೇ ಇತ್ತು. "ಹಿಂದಿಂದೂ ಮಾಡ್ಬಿಡ್ಲಾ ಸಾರ್? ಅರ್ಧ ಗಂಟೆ." "ಹಿಂದೆ ಯಾರಯ್ಯಾ ನೋಡ್ತಾರೆ? ಸದ್ಯಕ್ಕೆ ಉರಿಯೋ ಹಂಗೆ ಮಾಡಿ ಬಿಡು." ಸಿದ್ದರಾಜು ಕೈಗೆ ಸಿಕ್ಕ ಬೋಲ್ಟಿಗೆ ಸುತ್ತಿದ. ಬಲಗಡೆಯದು ಉರಿಯಿತು. ಬಿಟ್ಟ. ದಾರ ಕಟ್ಟಲು ಮಾತ್ರ ಮರೆಯಲಿಲ್ಲ.

"ಅಣ್ಣಾ, ಒಳಗೆ ಇದ್ದೀರಾ?"

ಜೀಪಿನ ಪಕ್ಕ ರಬ್ಬರ್ ಚಪ್ಪಲಿಯ ಎರಡು ಪಾದಗಳು ನಿಂತಿದ್ದವು. ಕಾಫಿ ಹಣ್ಣಿನ ಕರೆ ಕಪ್ಪಗೆ ಕೂತ ಉಗುರುಗಳು. ದೊಡ್ಡಿಯ ಜತೆ ಪಿಕ್ಕಿಂಗಿಗೆ ಹೋಗುತ್ತಿದ್ದ ಕಮಲ. ಸಿದ್ದರಾಜು ಜಾರಿ ಹೊರಬಂದ.

"ದೊಡ್ಡಿಯ ಬುತ್ತಿ ಡಬ್ಬಿ ಬೆಂಚಿನಡಿ ಉಂಟು. ತಕೊಂಡು ಹೋಗ್ಲಾ? ಅವಳ ಮಗಳು ಚಂದನಾ ಕೇಳ್ತಾಳೆ. ಶಾಲೆಗೆ ಅದರಲ್ಲೇ ತಕೊಂಡೋಗ್ತಾಳಂತೆ."

ಅವನೇ ಬೆಂಚಿನಡಿ ಬಗ್ಗಿ ತೆಗೆದುಕೊಟ್ಟ. ಸ್ಟೀಲಿನ ಡಬ್ಬಿ, ಮುಚ್ಚಳ ತಗ್ಗಾಗಿತ್ತು. ಕಮಲ ಅದನ್ನು ಸೆರಗಿಗೆ ಸುತ್ತಿಕೊಂಡು ಅಲ್ಲೇ ನಿಂತಳು.

"ಗುಂಡನಿಗೆ ಎಂತ ಮಾಡ್ತಾರಣ್ಣ?"

"ನೀವೆಲ್ಲ ಹಿಂದೆ ಕೂತಿದ್ರಲ್ಲ ಕಮಲಾ. ಅವತ್ತು ದೀಪ ಉರೀತಿತ್ತಾ?"

"ಉರೀತಿತ್ತು. ಬ್ರೇಕ್ ಒತ್ತಿದ, ಹೋಯ್ತು."

"ಯಾವಾಗ್ಲೂ ಹಂಗೇನಾ?"

"ಯಾವಾಗ್ಲೂ ಹಾಂಗೆಯೇ." ಅವಳು ಸೂರ್ಯ ಮುಳುಗುವ ದಿಕ್ಕು ಹೇಳುವವಳಂತೆ ಹೇಳಿದಳು. "ಮಂಜಿನಲ್ಲಿ ನಮ್ಮ ಹಿಂದೆ ಕೆಂಪು ಬೆಳಕು ಬರ್ತಾ ಉಂಟಲ್ಲ, ಅದು ಹೋಯ್ತು ಅಂದ್ರೆ ಗುಂಡ ಬ್ರೇಕ್ ಒತ್ತಿದ ಅಂತ ಗುರುತು. ಎಲ್ಲರೂ ಕಂಬಿ ಹಿಡ್ಕೊಳ್ತಿದ್ವಿ. ಇಲ್ಲಾಂದ್ರೆ ಒಬ್ಬರ ಮೇಲೊಬ್ಬರು ಬೀಳೋದು. ದೊಡ್ಡಿಯೇ ಕೂಗ್ತಿದ್ದದ್ದು, 'ಹೋತು, ಹಿಡ್ಕೊಳ್ರೇ' ಅಂತ. ಅವತ್ತೂ ಕೂಗಿದ್ಲು. ಆಮೇಲೆ ಇಳಿದ್ಲು."

"ಗುಂಡನಿಗೆ ಗೊತ್ತಿತ್ತಾ?"

"ಅವ ಮುಂದೆ ಕೂರೋನು, ಅವನಿಗೆ ಎಂತ ಕಾಣ್ತದೆ?"

"ಒಂದು ಮಾತು ಹೇಳ್ಬಾರ್ದಿತ್ತಾ ಯಾರಿಗಾದ್ರೂ!" ಸಿದ್ದರಾಜುವಿನ ದನಿ ತಾನಾಗಿ ಏರಿತು.

ಕಮಲ ಅವನನ್ನೇ ನೋಡಿದಳು. "ಯಾರು ಕೇಳಿದ್ರಣ್ಣ?" ಎಂದಳು. "ನಾವು ಗಾಡಿ ಅಂದ್ರೆ ಹಾಂಗೆಯೇ ಅಂತ ತಿಳ್ಕೊಂಡಿದ್ದು."

ಬ್ರೇಕ್ ಒತ್ತಿದರೆ ಬ್ರೇಕ್ ಲೈಟಿನ ಕರೆಂಟೂ ಅದೇ ಕಳ್ಳದಾರಿಗೆ ನುಗ್ಗುತ್ತದೆ, ಎರಡಕ್ಕೂ ಜಾಗವಿಲ್ಲದೆ ದೀಪ ಆರುತ್ತದೆ. ಅವಳು ಹೋದ ಮೇಲೆ ಅವನು ಗುಂಡನನ್ನು ಕಣ್ಣ ಮುಂದೆ ತಂದುಕೊಂಡ. ಇಳಿಜಾರು. ಹ್ಯಾಂಡ್‌ಬ್ರೇಕು ಹಿಡಿಯದ ಜೀಪು. ದೊಡ್ಡಿ ಇಳಿಯುವಾಗ ಒಂದಿಂಚೂ ಜಾರಬಾರದೆಂದು ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಬ್ರೇಕು ಒತ್ತಿ ಹಿಡಿದಿದ್ದಾನೆ. ಎಷ್ಟು ಹೊತ್ತು ಗಟ್ಟಿಯಾಗಿ ಒತ್ತಿದನೋ ಅಷ್ಟೂ ಹೊತ್ತು ಅವಳ ಹಿಂದೆ ಕತ್ತಲು.

ಸಂಜೆ ಕೀರ್ತಿಕುಮಾರನ ಫೋನು ಬಂದಾಗ ಸಿದ್ದರಾಜು, "ಆಯ್ತು ಸಾರ್," ಎಂದಷ್ಟೇ ಹೇಳಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಎಲ್‌ಇಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಹಿಂದಿನದು. ಇಂಡಿಕೇಟರಿನದು. ಡಬ್ಬದಲ್ಲಿ ಬಿದ್ದಿದ್ದ ಹಳೆಯ ಬಲ್ಬುಗಳನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಲ್ಲಿದ್ದವೋ ಅಲ್ಲಿಗೇ ಹಾಕಿದ.

ಅಂಗಡಿಯ ಹಿಂದಿನ ಕೋಣೆಯಿಂದ ವೀಣಾ ಟೀ ತಂದಳು. ಗಂಡ ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡಳು. ಜೀಪಿನಡಿ ಬಗ್ಗಿ ಟಾರ್ಚು ಬಿಟ್ಟು ತಾನೂ ನೋಡಿದಳು.

"ಬೇರೆ ಬಣ್ಣದ ದಾರ ಇರ್ಲಿಲ್ವಾ ನಿಮ್ಗೆ?" ಎಂದಳು. "ನಾಳೆಯಿಂದ ಯಾವ ತೋಟದ ಗಾಡಿ ಬರುತ್ತೆ ಇಲ್ಲಿಗೆ? ಕೇಸು ನಿಮ್ ಮೇಲೂ ಹಾಕಿದ್ರೆ? ಗುಂಡನ್ನ ಉಳಿಸಿ, ಬೇಡ ಅನ್ನಲ್ಲ. ದೀಪ ಕೆಟ್ಟಿದ್ದು ತೋರ್ಸಿ. ಆದ್ರೆ ಆ ದಾರ ಕತ್ತರಿಸಿ ಬಿಸಾಕಿ. ವೈರು ಯಾರ ಹೆಸರೂ ಹೇಳಲ್ಲ."

ವೀಣಾ ಒಳಗೆ ಹೋಗಿ ಹೊಲಿಗೆಯ ಕತ್ತರಿ ತಂದು ಸ್ಟೂಲಿನ ಮೇಲೆ, ಟೀ ಲೋಟದ ಪಕ್ಕದಲ್ಲಿಟ್ಟು ಹೋದಳು. ಬೆಳಿಗ್ಗೆ ಅವಳು ಬಾಗಿಲು ತೆಗೆದಾಗಲೂ ಕತ್ತರಿ ಅಲ್ಲೇ ಇತ್ತು. ಇಬ್ಬನಿ ಕೂತು ಬೆವರಿತ್ತು.

ಇನ್‌ಸ್ಪೆಕ್ಟರು ಹತ್ತೂವರೆಗೆ ಬಂದರು. ಜತೆಗೆ ಕೀರ್ತಿಕುಮಾರ್. ಹಿಂದಿನ ಪೊಲೀಸ್ ಗಾಡಿಯಲ್ಲಿ ಒಬ್ಬ ಪೇದೆ ಮತ್ತು ಗುಂಡ. ಐದಾರು ದಿನದ ಗಡ್ಡದಲ್ಲಿ ಗುಂಡನ ಮುಖ ಇನ್ನೂ ಚಿಕ್ಕದಾಗಿತ್ತು. ಇನ್‌ಸ್ಪೆಕ್ಟರು ಜೀಪು ಹತ್ತಿ ಸ್ವಿಚ್ ಹಾಕಿದರು. ಹಿಂದಿನ ದೀಪ ಕೆಂಪಗೆ ಉರಿಯಿತು. ಕೀರ್ತಿಕುಮಾರ್ ಹತ್ತಿರ ಬಂದು ಬಗ್ಗಿ ನೋಡಿದ. ಒಳಗಿರುವುದು ಎಲ್‌ಇಡಿಯಲ್ಲ ಎಂದು ಅರಿತ ಅವನ ಕಣ್ಣು ಸಿದ್ದರಾಜುವನ್ನು ಹುಡುಕಿತು.

"ಬ್ರೇಕ್ ಒತ್ತೀನಿ, ನೋಡ್ರೀ ಹಿಂದೆ!" ಮುಂದಿನಿಂದ ಇನ್‌ಸ್ಪೆಕ್ಟರು ಕೂಗಿದರು. "ಬಂತಾ?"

ದೀಪ ಹೋಯಿತು.

"ಬಂತು ಸಾರ್! ಫಸ್ಟ್ ಕ್ಲಾಸ್!" ಎಂದ ಕೀರ್ತಿಕುಮಾರ್.

"ಇಲ್ಲ ಸಾರ್. ಹೋಯ್ತು," ಎಂದ ಸಿದ್ದರಾಜು.

ಇನ್‌ಸ್ಪೆಕ್ಟರು ಇಳಿದು ಹಿಂದಕ್ಕೆ ಬಂದರು. ಅವರು ಬರುವಷ್ಟರಲ್ಲಿ ದೀಪ ಮತ್ತೆ ಉರಿಯುತ್ತಿತ್ತು. "ಎಲ್ಲಿ? ಉರೀತಾ ಇದೆಯಲ್ರೀ! ತಮಾಷೆ ಮಾಡ್ತೀರಾ?"

"ನೀವು ಕಾಲು ತೆಗೆದ್ರಿ ಸಾರ್, ಅದಕ್ಕೆ. ಇನ್ನೊಬ್ಬರು ಕೂತು ಒತ್ತಬೇಕು. ಒತ್ತೋರಿಗೆ ಇದು ಕಾಣಲ್ಲ."

"ಲೇ ಸಿದ್ದರಾಜು, ಏನ್ ಆಟ ಇದು?" ಕೀರ್ತಿಕುಮಾರ್ ಅವನ ತೋಳು ಹಿಡಿದ. "ನಿನ್ ಅಂಗಡಿ ನೆನಪಿದೆಯೇನೋ?"

ಸಿದ್ದರಾಜು ತೋಳು ಬಿಡಿಸಿಕೊಳ್ಳಲಿಲ್ಲ. "ಗುಂಡನನ್ನ ಕೂರ್ಸಿ ಸಾರ್," ಎಂದ.

ಪೇದೆ ಇನ್‌ಸ್ಪೆಕ್ಟರ ಮುಖ ನೋಡಿ ತಲೆಯಾಡಿಸಿದ. ಗುಂಡ ಜೀಪು ಹತ್ತಿದ. ಕೂತು, ಅಭ್ಯಾಸದಂತೆ ಕನ್ನಡಿ ಮುಟ್ಟಿದ. "ಒತ್ತು," ಎಂದ ಸಿದ್ದರಾಜು. "ಹೇಳೋವರೆಗೂ ಬಿಡಬೇಡ."

ಹಿಂದೆ ಕೆಂಪು ಆರಿತು.

ಇನ್‌ಸ್ಪೆಕ್ಟರು ಬಹಳ ಹೊತ್ತು ಆ ಗಾಜನ್ನು ನೋಡಿದರು. ಮುದುಡಿದ ಮೂಲೆಯನ್ನು ನೋಡಿದರು. ಆಮೇಲೆ ಪ್ಯಾಂಟಿನ ಮಂಡಿ ಮೇಲೆಳೆದುಕೊಂಡು ಗೋಣಿಯ ಮೇಲೆ ಕೂತು, ಬಗ್ಗಿ, ಟಾರ್ಚು ಬಿಟ್ಟರು.

"ಅರ್ಥ್ ಇಲ್ಲ. ಪೇಂಟಿನ ಮೇಲೇ ಕಟ್ಟಿದ್ದಾನೆ ಯಾವನೋ," ಎಂದರು. "ಇದೇನ್ರೀ, ಹಳದಿ ದಾರ? ಯಾರ ಕೆಲಸ ಇದು?"

ಕೀರ್ತಿಕುಮಾರನ ಕೈ ಸಿದ್ದರಾಜುವಿನ ತೋಳಿನಿಂದ ಸಡಿಲವಾಯಿತು. ಅವನ ಮುಖದಲ್ಲಿ ಏನೋ ಹಗುರವಾದದ್ದು ಹಾದುಹೋಯಿತು. ಬಾಗಿಲಲ್ಲಿ ನಿಂತಿದ್ದ ವೀಣಾ ಒಳಗೆ ಸರಿದಳು.

"ನಂದು ಸಾರ್," ಎಂದ ಸಿದ್ದರಾಜು. "ಆಗಸ್ಟಲ್ಲಿ. ಇವರು ನಿಂತಿದ್ರು, ನಾನು ಕಟ್ಟಿದೆ."

ಇನ್‌ಸ್ಪೆಕ್ಟರು ಪೆನ್ನು ತೆಗೆದು ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರು ಕೇಳಿದರು. ಕೀರ್ತಿಕುಮಾರ್ ಆಗಲೇ ಯಾರಿಗೋ ಫೋನು ಹಚ್ಚಿ ರಸ್ತೆಯತ್ತ ನಡೆದಿದ್ದ. ಸಿದ್ದರಾಜು ಒಂದೊಂದಾಗಿ ಹೇಳಿದ. ಪೆನ್ನು ನಿಧಾನವಾಗಿ ಸಾಗುತ್ತಿತ್ತು.

"ಅಣ್ಣಾ," ಜೀಪಿನ ಮುಂದಿನಿಂದ ಗುಂಡ ಕೂಗಿದ. ಅವನ ಬೆನ್ನಷ್ಟೇ ಕಾಣುತ್ತಿತ್ತು, ಒತ್ತಿ ಹಿಡಿದ ಬಿಗಿಗೆ ಹೆಗಲು ಮೇಲೆದ್ದಿತ್ತು. "ಕಾಲು ತೆಗೀಲಾ?"

ಪೆನ್ನು ಇನ್ನೂ ಬರೆಯುತ್ತಲೇ ಇತ್ತು. ಗುಂಡ ಒತ್ತಿಕೊಂಡೇ ಕೂತಿದ್ದ.