ಮೊದಲ ಗುಳಿಗೆ

ತೋಲ್ಪೆಟ್ಟಿಯ ಬಸವೇಶನ ಮದ್ದಿನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ರೋಗಿಗೆ ಮದ್ದು ಕೊಡುವಾಗ ಮೊದಲ ಗುಳಿಗೆಯನ್ನು ಅವನೇ ಎದುರಿಗೆ ನುಂಗಿ ತೋರಿಸುತ್ತಿದ್ದ. ಎಚ್.ಡಿ. ಕೋಟೆಯಿಂದ ಬಂದ ಅವನ ಅಜ್ಜ ಹಾಕಿಕೊಟ್ಟ ಪದ್ಧತಿ ಅದು. ಕೊಡುವವನೇ ತಿಂದ ಮದ್ದನ್ನು ಕೇರಳ-ಕರ್ನಾಟಕ ಗಡಿಯ ಎರಡೂ ಕಡೆಯವರು ನಂಬುತ್ತಿದ್ದರು. ಕುಸುಮಾ ನಂಬಿದ್ದೂ ಹಾಗೆಯೇ.

ಅವಳಿಗೆ ಸೋರಿಯಾಸಿಸ್ ಉಲ್ಬಣಿಸಿತ್ತು. ಬೆನ್ನು, ಮೊಣಕಾಲು, ನೆತ್ತಿಯಿಂದ ಬೆಳ್ಳನೆ ಹೊಟ್ಟು ಉದುರುತ್ತಿತ್ತು. ಬಸವೇಶ ಹೇಳಿದಂತೆ ಅವನ ‘ಕಾಡುಮದ್ದ’ನ್ನು ಊಟವಾದ ಮೇಲೆ ಒಂದು ಗುಟುಕು ಸಾರಾಯಿಯ ಜೊತೆ ನುಂಗಿದಳು. ತುಟಿ ಒಡೆಯಿತು, ಕೂದಲು ಉದುರಿತು. ಚರ್ಮ ಮಾತ್ರ ತಿಳಿಯಾಯಿತು. ಆಮೇಲೆ ಬಸುರಿಯಾದಳು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ತಲೆಬುರುಡೆ, ಹೃದಯ ಎರಡೂ ಸರಿಯಾಗಿ ಬೆಳೆದಿಲ್ಲವೆಂದು ಗೊತ್ತಾಯಿತು. ಮಗು ಉಳಿಯಲಿಲ್ಲ.

ಉಳಿದ ಗುಳಿಗೆಗಳನ್ನು ಮಾನಂದವಾಡಿಯ ಡಾಕ್ಟರು ಪರೀಕ್ಷೆಗೆ ಕಳಿಸಿದರು. ಬೇರು, ಬೂದಿಯ ನಡುವೆ ಅಸಿಟ್ರೆಟಿನ್ ಎಂಬ ಇಂಗ್ಲಿಷ್ ಮದ್ದು ಸಿಕ್ಕಿತು. ಮದ್ದು ಕೆಟ್ಟದ್ದಲ್ಲ ಎಂದರು ಡಾಕ್ಟರು. ತೀವ್ರ ಸೋರಿಯಾಸಿಸ್‌ಗೆ ತಾವೂ ಬರೆಯುತ್ತೇವೆ, ಆದರೆ ರಕ್ತಪರೀಕ್ಷೆ ಮಾಡಿಸುತ್ತ, ಯಕೃತ್ತಿನ ಮೇಲೆ ಕಣ್ಣಿಟ್ಟು. ಮುಂದೆ ಮಗು ಬೇಕೆನ್ನುವ ಹೆಂಗಸರಿಗೆ ಕೊಡುವುದೇ ಇಲ್ಲ ಎನ್ನುವಷ್ಟು ಅಪರೂಪ. ಕೊಟ್ಟರೆ, ನಿಲ್ಲಿಸಿದ ಮೇಲೂ ಮೂರು ವರ್ಷ ಬಸುರಾಗಬಾರದು, ಆದರೆ ಮಗುವಿನ ಅಂಗಗಳು ಕೆಡುತ್ತವೆ. ಮದ್ಯವನ್ನಂತೂ ಮುಟ್ಟಬಾರದು, ಮುಟ್ಟಿದರೆ ಮದ್ದು ಬೇರೊಂದು ರೂಪ ತಾಳಿ ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಔಷಧ ಇಲಾಖೆಯ ಅಧಿಕಾರಿ ಸಜೀವನ್ ಕುಸುಮಾಳ ಮನೆಗೆ ಬಂದು ಹೇಳಿಕೆ ಬರೆದುಕೊಂಡ. “ಕೇಸ್ ಹಾಕ್ಬಹುದು ಅಕ್ಕಾ. ಆದ್ರೆ ಬಸವೇಶ ‘ನಂಗೇನೂ ಗೊತ್ತಿರ್ಲಿಲ್ಲ, ಪುಡಿ ಮಾರಿದವನು ಮೋಸ ಮಾಡ್ದ’ ಅಂತಾನೆ.”

“ಗೊತ್ತಿತ್ತೋ ಇಲ್ವೋ, ಅವನ ಬಾಯಿಂದ್ಲೇ ಬರ್ಲಿ,” ಎಂದಳು ಕುಸುಮಾ. ಆ ಸಂಜೆ ಬೆಲ್ಲ, ಮೆಣಸು, ಒಲೆಯ ಬೂದಿ ಕಲಸಿ ಕಾಡುಮದ್ದಿನಂತೆಯೇ ಕಾಣುವ ಗುಳಿಗೆ ಕಟ್ಟಿ, ಬಸವೇಶ ಕೊಟ್ಟಿದ್ದ ಡಬ್ಬಿಯಲ್ಲೇ ತುಂಬಿದಳು.

ಮರುದಿನ ನಾದಿನಿ ಲತಿಕಳನ್ನು ಕರೆದುಕೊಂಡು ಅಂಗಡಿಗೆ ಹೋದಳು. ನಾಲ್ಕಾರು ಗಿರಾಕಿಗಳಿದ್ದರು. ಬೆಂಚಿನ ತುದಿಯಲ್ಲಿ ಸಜೀವನ್ ಅವಳು ಹೇಳಿದ್ದಂತೆ ಗಿರಾಕಿಯ ಹಾಗೆ ಚಹಾ ಕುಡಿಯುತ್ತ ಕೂತಿದ್ದ. ಹೊಸದಾಗಿ ಮದುವೆಯಾಗಿ ತವರಿಗೆ ಬಂದಿದ್ದ ಬಸವೇಶನ ಮಗಳು ಅರ್ಚನಾ ಪೊಟ್ಟಣ ಕಟ್ಟುತ್ತಿದ್ದಳು.

“ಬಾ ತಾಯಿ, ಮೈ ಹೆಂಗೈತೆ?” ಎಂದ ಬಸವೇಶ.

“ಮೈ ಚೆನ್ನಾಗೈತೆ ಬಸವೇಶಣ್ಣ. ಇವ್ಳಿಗೂ ಮೊಣಕೈಲಿ ಶುರುವಾಗೈತೆ. ನೀ ಕೊಟ್ಟ ಮದ್ದು ಉಳಿದದ್ದು ತಿನ್ನು ಅಂದ್ರೆ ಹೆದರ್ತಾಳೆ.”

“ಹೆದ್ರೋದ್ಯಾಕೆ? ಕೊಡಿಲ್ಲಿ.” ಬಸವೇಶ ನಗುತ್ತ ಕೈಚಾಚಿದ.

ಕುಸುಮಾ ಡಬ್ಬಿ ಹಿಂದಕ್ಕೆಳೆದುಕೊಂಡಳು. “ನೀ ಬ್ಯಾಡ ಅಣ್ಣ. ಗಂಡಸ್ರು ತಿಂದ್ರೆ ಹೆಂಗ್ ನಂಬ್ಲಿ, ಹೆಂಗಸೇ ತಿಂದು ತೋರಿಸ್ಲಿ ಅಂತಾಳೆ. ಅರ್ಚನಾ ಇದಾಳಲ್ಲ.”

“ಅವ್ಳಿಗ್ಯಾಕೆ? ಅವ್ಳಿಗೆ ರೋಗ ಐತಾ?”

“ನಿಂಗೈತಾ? ಆದ್ರೂ ತಿಂತೀಯಲ್ಲ.”

ಗಿರಾಕಿಗಳು ನಕ್ಕರು. ಅರ್ಚನಾಳಿಗೆ ಅಪ್ಪನ ಮರ್ಯಾದೆಯ ಪ್ರಶ್ನೆ ಅನ್ನಿಸಿತು. “ಕೊಡಕ್ಕ ಇಲ್ಲಿ, ನಮ್ಮಪ್ಪನ ಮದ್ದು ತಿನ್ನಕ್ಕೆ ನಂಗೇನ್ ಭಯ?” ಎಂದು ಡಬ್ಬಿಯಿಂದ ಒಂದನ್ನು ತೆಗೆದು ಬಾಯಿಯ ಹತ್ತಿರ ಒಯ್ದಳು.

ಬಸವೇಶ ಗಲ್ಲಾಪೆಟ್ಟಿಗೆಯ ಮೇಲಿನಿಂದ ಬಾಗಿ ಅವಳ ಕೈಗೆ ಹೊಡೆದ. ತಕ್ಕಡಿ ಉರುಳಿತು. “ಬಿಸಾಕು! ಹೆಣ್ಮಕ್ಕಳು ತಿನ್ನಂಗಿಲ್ಲ ಅದನ್ನ! ಮಕ್ಕಳಾಗೋ ವಯಸ್ಸಲ್ಲಿ ತಿನ್ನಂಗಿಲ್ಲ!”

ಸಜೀವನ್ ಲೋಟ ಕೆಳಗಿಟ್ಟು ಎದ್ದ. ಜೇಬಿನಿಂದ ಗುರುತಿನ ಚೀಟಿ ತೆಗೆದ.

ಕುಸುಮಾ ನೆಲಕ್ಕೆ ಬಿದ್ದ ಗುಳಿಗೆಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ತನ್ನ ಬಾಯಿಗೆ ಹಾಕಿಕೊಂಡು ಅಗಿದಳು.

“ಬೆಲ್ಲ ಕಣಣ್ಣ. ನಿನ್ನ ಮಗಳಿಗೆ ವಿಷ ಹಾಕೋಳಲ್ಲ ನಾನು,” ಎಂದಳು. “ನನ್ನ ಕೈಗ್ಯಾಕೆ ಹೊಡೀಲಿಲ್ಲ ಅವತ್ತು?”

ಅರ್ಚನಾ ಕೆಂಪಾದ ತನ್ನ ಕೈಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು.

“ಅಪ್ಪಾ, ನಿಂಗೊತ್ತಿತ್ತಾ?”

ಸಜೀವನ್ ಒಳಗಿನ ಕಪಾಟಿನ ಕೀಲಿ ಕೇಳಿದ. ಹೋಗೋಣವೆಂದು ಲತಿಕ ಕುಸುಮಾಳ ತೋಳು ಹಿಡಿದು ಎಳೆದಳು. ಕುಸುಮಾ ಹೊರಡಲಿಲ್ಲ. ಬೆಂಚಿನ ಮೇಲೆ ಕೂತು, ಮಗಳಿಗೆ ಅವನು ಕೊಡುವ ಉತ್ತರಕ್ಕೆ ಕಾದಳು.