ಎರಡು ಕೋಣೆಗಳ ನಡುವಿನ ಗಾಜು

ಮಾಲೂರು ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಲ್ಲಿ ಮೊಬೈಲು, ಟಿವಿಗಳಿಗೆ ಬೇಕಾದ, ತಾವಾಗಿಯೇ ಬೆಳಗುವ ತೆಳು ಪರದೆಗಳು ತಯಾರಾಗುತ್ತಿದ್ದವು. ಪರದೆಯ ತಳದಲ್ಲಿ ಒಂದು ಗಾಜು. ಅದರ ಮೇಲೆ ಕರೆಂಟು ಹರಿಸುವ, ಆದರೆ ಕಣ್ಣಿಗೆ ಕಾಣದ ಪೊರೆ. ಆ ಪೊರೆಯ ಮೈಯನ್ನು ಆಮ್ಲಜನಕದ ಪ್ಲಾಸ್ಮಾದಲ್ಲಿ, ಅಂದರೆ ಕರೆಂಟು ಹಾಯಿಸಿ ಹೊಳೆಯುವಂತೆ ಮಾಡಿದ ಅನಿಲದಲ್ಲಿ, ಜಿಡ್ಡು ಕಳೆದು ಹದ ಮಾಡುವುದು ಗಂಗಾಲಕ್ಷ್ಮಿಯ ಕೆಲಸ. ಹದವಾದ ಗಾಜಿಗೆ ಬೆಳಕು ಕೊಡುವ ಪದರಗಳನ್ನು ಹಚ್ಚುವುದು ಇನ್ನೊಂದು ತುದಿಯ ಕೋಣೆಯಲ್ಲಿದ್ದ ಸಹನಳ ಕೆಲಸ. ಸಹನ ಗಂಗಾಲಕ್ಷ್ಮಿಯ ಗಂಡನ ತಂಗಿ. ಇಬ್ಬರೂ ಎಂಜಿನಿಯರುಗಳು, ಇರುವುದೂ ಒಂದೇ ಮನೆಯಲ್ಲಿ.

ಆ ವಾರ ಯಾವ ಪರದೆ ಹೊತ್ತಿಸಿದರೂ ಮೈಯೆಲ್ಲ ಕಪ್ಪು ಚುಕ್ಕೆ. ಮ್ಯಾನೇಜರ್ ಉಮಾಶಂಕರ್ ಎಲ್ಲರನ್ನೂ ಕೂರಿಸಿಕೊಂಡು ಕಾರಣ ಕೇಳಿದರು. ಸಹನ ಎದ್ದು ನಿಂತು, ಅತ್ತಿಗೆಯ ಮುಖ ನೋಡದೆ ಹೇಳಿಯೇಬಿಟ್ಟಳು: "ನಮಗೆ ಬರ್ತಿರೋ ಗಾಜೇ ಸರಿಯಿಲ್ಲ ಸರ್."

ಗಂಗಾಲಕ್ಷ್ಮಿಗೆ ಚುರ್ರೆಂದಿತು. ಆದರೆ ತನ್ನ ಕೆಲಸದ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಪ್ಲಾಸ್ಮಾ ಇನ್ನಷ್ಟು ಜೋರು ಮಾಡಮ್ಮ," ಎಂದರು ಉಮಾಶಂಕರ್.

"ಬೇಡ ಸರ್. ಜೋರು ಮಾಡಿದ್ರೆ ಪೊರೆನೇ ಕೆಡುತ್ತೆ. ಸಂಜೆವರೆಗೂ ಟೈಮ್ ಕೊಡಿ, ನಾನು ತೋರಿಸ್ತೀನಿ."

ಗಂಗಾಲಕ್ಷ್ಮಿ ಸಹನಳನ್ನು ತನ್ನ ಯಂತ್ರದ ಬಳಿಗೆ ಕರೆದೊಯ್ದು, ಆಗಷ್ಟೇ ಹೊರಬಂದ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟಳು. ಹನಿ ಥಟ್ಟನೆ ಹರಡಿ ಗಾಜಿಗೆ ಅಂಟಿಕೊಂಡಿತು. ಹದವಾದ ಮೈಯ ಗುರುತೇ ಅದು.

"ಈಗ ಏನಂತೀಯೇ?"

ಸಹನಳೂ ಸುಲಭಕ್ಕೆ ಸೋಲುವವಳಲ್ಲ. "ನನ್ನ ಕೋಣೆಗೆ ಬನ್ನಿ ಅತ್ತಿಗೆ. ನಾನೂ ತೋರಿಸ್ತೀನಿ."

ಅಲ್ಲಿ, ಬೆಳಿಗ್ಗೆ ಗಂಗಾಲಕ್ಷ್ಮಿಯೇ ಕಳಿಸಿದ್ದ ಗಾಜಿನ ಮೇಲೆ ಬಿಟ್ಟ ಹನಿ ಉಬ್ಬಿ ನಿಂತಿತು, ಹರಡಲೇ ಇಲ್ಲ. ಗಂಗಾಲಕ್ಷ್ಮಿ ಬಗ್ಗಿ ನೋಡಿದಳು. ನಾದಿನಿ ಸುಳ್ಳು ಹೇಳಿರಲಿಲ್ಲ.

"ಇದು ಬೆಳಿಗ್ಗೆಯಿಂದ ಎಲ್ಲಿತ್ತು?"

"ಈ ಪ್ಲಾಸ್ಟಿಕ್ ಡಬ್ಬಿಯಲ್ಲೇ. ಹೋದ ವಾರದಿಂದ ಆರ್ಡರ್ ಜಾಸ್ತಿ ಅಲ್ವಾ? ನಮ್ಮ ಯಂತ್ರ ಖಾಲಿಯಾಗೋವರೆಗೂ ಗಾಜು ಸಾಲಲ್ಲಿ ಕಾಯುತ್ತೆ."

"ಅಲ್ಲೇ ಕಣೇ ಎಡವಟ್ಟಾಗಿರೋದು! ಹದ ಮಾಡಿದ ಮೈ ಬಹಳ ಹೊತ್ತು ಹಾಗೇ ಇರಲ್ಲ. ಗಾಳಿಯ ಜಿಡ್ಡು, ಡಬ್ಬಿಯ ಜಿಡ್ಡು, ಎಲ್ಲಾ ಎಳ್ಕೊಳ್ಳುತ್ತೆ. ಅದರ ಮೇಲೆ ನಿನ್ನ ಪದರ ಸರಿಯಾಗಿ ಕೂರಲ್ಲ, ಚುಕ್ಕೆ ಬೀಳುತ್ತೆ. ನಾನು ಕಳಿಸಿ ಕೈ ತೊಳ್ಕೊಂಡೆ, ನೀನು ಕಾಯಿಸಿದೆ."

ಸಹನ ಯಂತ್ರ ಖಾಲಿ ಮಾಡಿಕೊಂಡು ಸಿದ್ಧಳಾದಳು. ಗಂಗಾಲಕ್ಷ್ಮಿ ಹೊಸದಾಗಿ ಹದ ಮಾಡಿದ ಗಾಜನ್ನು ಎಲ್ಲೂ ಇಳಿಸದೆ ತಾನೇ ತಂದು ಅವಳ ಕೈಗೆ ಕೊಟ್ಟಳು. ಸಂಜೆ ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ ಕರೆಂಟು ಕೊಟ್ಟಾಗ ಪರದೆಯ ಮೂಲೆಮೂಲೆಗೂ ಹಸಿರು ಬೆಳಕು ಸಮನಾಗಿ ತುಂಬಿತು. ಹುಡುಕಿದರೂ ಒಂದು ಚುಕ್ಕೆ ಇರಲಿಲ್ಲ.

"ಹಾಗಾದ್ರೆ ತಪ್ಪು ಯಾರದಮ್ಮ?" ಉಮಾಶಂಕರ್ ಕೇಳಿದರು.

"ಇಬ್ಬರದೂ ಸರ್. ನನ್ನ ಯಂತ್ರ ಅವಳ ಬಾಗಿಲ ಪಕ್ಕಕ್ಕೇ ಬರಲಿ. ಅವಳು ಕೇಳಿದಾಗ ಮಾತ್ರ ಗಾಜು ಹದ ಮಾಡ್ತೀನಿ."

"ನಾಳೆನೇ ಸಾಗಿಸೋಣ," ಎಂದರು ಅವರು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಸಹನ ಮೆಲ್ಲಗೆ ಹೇಳಿದಳು: "ನಾನು ಎಲ್ಲರ ಮುಂದೆ ಹಂಗೆ ಅನ್ನಬಾರದಿತ್ತು ಅತ್ತಿಗೆ."

"ನೀನು ಅನ್ನದಿದ್ರೆ ನಾನು ನಿನ್ನ ಕೋಣೆಗೆ ಕಾಲೇ ಇಡ್ತಿರಲಿಲ್ಲ. ಗಟ್ಟಿಯಾಗಿ ಹಿಡ್ಕೋ, ಮುಂದಿರೋ ಇಟ್ಟಿಗೆ ಲಾರಿನ ಹಿಂದೆ ಹಾಕ್ತೀನಿ," ಎಂದು ಗಂಗಾಲಕ್ಷ್ಮಿ ಹಾರನ್ ಒತ್ತಿದಳು.