ಟವಲ್ಲಿನ ಕೆಳಗೆ ಒಂಬತ್ತು ಗೋಲು

ಕಾಳಕ್ಕನ ಕುರಿ ಎಷ್ಟಕ್ಕೆ ಹೋಯಿತೆಂಬುದು, ಕೊಂಡವನನ್ನು ಬಿಟ್ಟರೆ, ಹಿರಿಯೂರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುತ್ತಿತ್ತು. ಒಬ್ಬ ದೇವರು, ಇನ್ನೊಬ್ಬ ದಲ್ಲಾಳಿ ಪಾಪಣ್ಣ. ದೇವರು ಬಾಯಿ ಬಿಡುವವನಲ್ಲ. ಪಾಪಣ್ಣ ಬಾಯಿ ಬಿಟ್ಟರೂ ಎಲೆಅಡಿಕೆ ಕಾಣುತ್ತಿತ್ತೇ ಹೊರತು ರೇಟು ಕಾಣುತ್ತಿರಲಿಲ್ಲ.

ಕುರಿಸಂತೆಯ ಪದ್ಧತಿಯೇ ಹಾಗೆ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು, ಮೇಲೊಂದು ಟವಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವಲ್ ಅಲುಗುವುದಷ್ಟೇ ಕಾಣುತ್ತದೆ. ಗಂಡಸಾದರೆ ತನ್ನ ಕೈ ತಾನೇ ಇಡಬಹುದು. ಹೆಂಗಸು ಇಟ್ಟರೆ ಸಂತೆ ನಗುತ್ತದಂತೆ. ಗಂಡ ತೀರಿಹೋದ ಮೇಲೆ ಕಾಳಕ್ಕ ಟಗರು ಹಿಡಿದು ಹೋದಾಗಲೆಲ್ಲ ಪಾಪಣ್ಣ "ನೀನು ಕೈ ಇಟ್ರೆ ಚೆಂದಾಗಿರಲ್ಲ ಕಣಕ್ಕ" ಎಂದು ಅವಳ ಪರವಾಗಿ ತಾನೇ ಇಡುತ್ತಿದ್ದ, ಬಂದದ್ದರಲ್ಲಿ ತನಗೆ ತೋಚಿದ್ದನ್ನು ಅವಳಿಗೆ ಕೊಡುತ್ತಿದ್ದ. ಉಳಿದದ್ದು ಪಾಪಣ್ಣನ ಹೊಟ್ಟೆಯ ಸುತ್ತಳತೆಯಲ್ಲಿ ಕಾಣುತ್ತಿತ್ತು.

ಎರಡು ಸಾವಿರದ ಎರಡನೇ ಇಸವಿಯ ಜೂನಿನಲ್ಲಿ ಜಪಾನು-ಕೊರಿಯಾದ ವರ್ಲ್ಡ್‌ಕಪ್ ಫುಟ್‌ಬಾಲು ಕೇಬಲ್ ಹಿಡಿದುಕೊಂಡು ಮರುಳಸಿದ್ದಪ್ಪನ ಹೋಟೆಲಿಗೆ ಬಂತು. ಆಟ ಸರಿಯಾಗಿ ಸಂಜೆ ಚಹಾದ ಹೊತ್ತಿಗೇ ಬೀಳುತ್ತಿದ್ದರಿಂದ ಹೋಟೆಲು ತುಂಬುತ್ತಿತ್ತು. ಮೊದಮೊದಲು ಸುಮ್ಮನೆ ನೋಡುತ್ತಿದ್ದವರು ಸೆಮಿಫೈನಲ್ ಹತ್ತಿರ ಬರುತ್ತಲೇ ಬಾಜಿಗಿಳಿದರು: ಯಾರು ಎಷ್ಟು ಗೋಲು ಹೊಡೆಯುತ್ತಾರೆಂದು ಮೊದಲೇ ಹೇಳಬೇಕು, ಸರಿಯಾಗಿ ಹೇಳಿದವನಿಗೆ ಸೋತವರೆಲ್ಲ ಮಂಡಕ್ಕಿ-ಮಿರ್ಚಿ ಕೊಡಿಸಬೇಕು. ತೊಂದರೆಯೆಂದರೆ, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಮಾರುತೇಶ್ ಏನು ಹೇಳಿದರೋ ಹೋಟೆಲಿಗೆ ಹೋಟೆಲೇ ಅದನ್ನೇ ಹೇಳುತ್ತಿತ್ತು. ಆಗ ಪಾಪಣ್ಣ ಹೆಗಲ ಮೇಲಿನ ಟವಲ್ ಎಳೆದ. ಒಬ್ಬೊಬ್ಬರೇ ಬಂದು ಒಳಗೆ ಬೆರಳು ಹಿಡಿದು ಗುಟ್ಟಾಗಿ ಹೇಳಿ, ಆಟ ಶುರುವಾದ ಮೇಲೆ ನಾನು ಕೂಗುತ್ತೇನೆ ಎಂದ.

ಕಾಳಕ್ಕನ ಮೊಮ್ಮಗಳು ರಮ್ಯಾ ಪಿಯುಸಿ ಓದುತ್ತಿದ್ದಳು. ಅಜ್ಜಿಯ ಕಥೆ ಕೇಳಿಯೇ ಬೆಳೆದ ಹುಡುಗಿಯಾದ್ದರಿಂದ ಪ್ರಪಂಚದಲ್ಲಿ ಏನು ಕಂಡರೂ ಅವಳಿಗೆ ಕಥೆಯೇ. ಜರ್ಮನಿಯ ಗೋಲ್‌ಕೀಪರ್ ಅವಳ ಕಣ್ಣಿಗೆ ಏಳು ಬಾಗಿಲಿನ ಕೋಟೆ ಕಾಯುವ ರಾಕ್ಷಸ. ಅವನ ಜೀವ ಯಾವ ಗಿಳಿಯಲ್ಲಿದೆ, ಆ ಗಿಳಿ ಬ್ರೆಜಿಲ್‌ನ ಯಾವ ಮರದಲ್ಲಿದೆ ಎಂದು ಯೋಚಿಸುತ್ತಾ ಅನ್ನಕ್ಕೆ ಸಾರಿನ ಬದಲು ನೀರು ಸುರಿದುಕೊಂಡಿದ್ದಳು. ಗಂಡಸರು ತುಂಬಿದ ಹೋಟೆಲಿಗೆ ಒಬ್ಬಳೇ ಹೋಗುವಂತಿರಲಿಲ್ಲ. ಜರ್ಮನಿ-ಕೊರಿಯಾ ಸೆಮಿಫೈನಲ್ಲಿನ ಸಂಜೆ ಅಜ್ಜಿಯನ್ನು ಕರೆದುಕೊಂಡು ಹೋದಳು.

ಟವಲ್ ಕಂಡದ್ದೇ ಕಾಳಕ್ಕ ಮುಂದೆ ಬಂದಳು. "ನಂದೂ ಒಂದು ಹಾಕ್ಕಳಪ್ಪ."

"ನಿಂಗೇನು ಗೊತ್ತೈತಕ್ಕ ಫುಟ್‌ಬಾಲು?" ಎಂದ ಪಾಪಣ್ಣ.

"ಮರುಳಸಿದ್ದಪ್ಪಂಗೇನು ಗೊತ್ತೈತೆ? ಗೋಲ್‌ಕೀಪರ್‌ನ ಅಂಪೈರು ಅಂತಾನೆ."

ಮರುಳಸಿದ್ದಪ್ಪ ಚಹಾ ಸೋಸುವುದರಲ್ಲಿ ಮಗ್ನನಾದ.

"ನಾನು ಗೆದ್ರೆ ನಿಮ್ಮ ಮಂಡಕ್ಕಿ ಬ್ಯಾಡ," ಎಂದಳು ಕಾಳಕ್ಕ. "ಫೈನಲ್ ಆದ್ಮೇಲೆ ಬರೋ ಸಂತೇಲಿ ನನ್ನ ಟಗರಿನ ರೇಟು ನಿನ್ನ ಟವಲ್ ಕೆಳಗೆ ನಾನೇ ಮಾತಾಡ್ತೀನಿ."

ಹೋಟೆಲು ನಕ್ಕಿತು. ಪಾಪಣ್ಣನಿಗೆ ಉದಾರತೆ ಉಕ್ಕಿತು. "ಇನ್ನು ನಾಕು ಆಟ ಅವೆ. ಒಂದು ಸರಿಯಾಗಿ ಹೇಳು, ಸಾಕು. ಸೋತ್ರೆ?"

"ಸೋತ್ರೆ ನಿನ್ನ ಟವಲ್ ಸಾಯೋಗಂಟ ಮುಟ್ಟಲ್ಲ."

ರಮ್ಯಾ ಅಜ್ಜಿಯ ಪಕ್ಕಕ್ಕೆ ಸರಿದಳು. ಒಂದೇ ಒಂದು ಸ್ಕೋರು. ಅಜ್ಜಿಯ ಕಿವಿಯಲ್ಲಿ "ಜರ್ಮನಿ ಒಂದು, ಕೊರಿಯಾ ಸೊನ್ನೆ" ಎಂದು ಉಸುರಿದಳು. ಅಜ್ಜಿ ತಲೆಯಾಡಿಸಿ ಹೋಗಿ ಟವಲ್ಲಿನೊಳಗೆ ಕೈ ಇಟ್ಟಳು.

"ಅಯ್ಯ, ಯಾಕಿಂಗೆ ಹಿಂಡ್ತೀಯ?" ಎಂದ ಪಾಪಣ್ಣ.

"ಜರ್ಮನಿ ಏಳು ಅಂದೆ."

"ಏಳಾ? ಫುಟ್‌ಬಾಲಾಗೆ ಏಳು ಎಲ್ಲಿ ಹೊಡೀತಾರಕ್ಕ?"

"ಯಾರಿಗೋ ಎಂಟು ಹೊಡೆದವ್ರೆ ಅಂತ ಇವಳೇ ಪೇಪರ್ ಓದಿದ್ಲು. ಇವತ್ತು ಒಂದು ಕಮ್ಮಿ. ಏಳಕ್ಕೆ ಬೆರಳು ಹೆಂಗೆ ಹಿಡೀಬೇಕು, ತೋರ್ಸು."

ಪಾಪಣ್ಣ ನಗುತ್ತಲೇ ತೋರಿಸಿಕೊಟ್ಟ. ಜರ್ಮನಿ ಗೆದ್ದದ್ದು ಒಂದು-ಸೊನ್ನೆಯಿಂದ. ರಮ್ಯಾ ತುಟಿ ಕಚ್ಚಿಕೊಂಡಳು.

ಮರುದಿನ ಬ್ರೆಜಿಲ್-ಟರ್ಕಿ. ರಮ್ಯಾ ಮತ್ತೆ ಒಂದು-ಸೊನ್ನೆ ಎಂದಳು, ಅಜ್ಜಿ ಆರು-ಎಂಟು ಎಂದಳು. ಪಾಪಣ್ಣ ಅದನ್ನು ಕೂಗಿದಾಗ ಮಾರುತೇಶ್ ಮೇಷ್ಟ್ರ ಚಹಾ ಮೂಗಿನಿಂದ ಬಂತು. "ಕಾಳಕ್ಕ ಗೋಲಲ್ಲ, ಕುರಿ ಎಣಿಸ್ತಾವ್ಳೆ ಕಣ್ರಪ್ಪ" ಎಂದರು. ಆಟ ಒಂದು-ಸೊನ್ನೆಗೇ ಮುಗಿಯಿತು.

ಮೂರನೆಯ ಸ್ಥಾನಕ್ಕೆ ಟರ್ಕಿ, ಕೊರಿಯಾ ಆಡಿದ ಶನಿವಾರ ಅಜ್ಜಿ ಇನ್ನೂ ಮೇಲೆ ಹೋದಳು.

"ಇಬ್ರಿಗೂ ಎರಡೂವರೆ."

"ಗೋಲಿನಾಗೆ ಅರ್ಧ ಇರಲ್ಲಕ್ಕ," ಎಂದ ಪಾಪಣ್ಣ.

"ಚೆಂಡು ಗೆರೆ ಮ್ಯಾಲೆ ನಿಂತ್ಕಂಡ್ರೆ? ಅರ್ಧಕ್ಕೆ ಹೆಂಗೆ ಹಿಡೀತೀರ, ಅಷ್ಟು ಹೇಳು. ತಪ್ಪಾದ್ರೆ ನಂಗೇ ಲುಕ್ಸಾನು."

ಲುಕ್ಸಾನು ಅವಳಿಗೇ ಎಂಬ ಮಾತು ಪಾಪಣ್ಣನಿಗೆ ಹಿಡಿಸಿತು. ತೋರಿಸಿದ. ಆಟ ಶುರುವಾಗಿ ಮರುಳಸಿದ್ದಪ್ಪ ಒಂದು ಲೋಟ ಎತ್ತುವಷ್ಟರಲ್ಲಿ ಮೊದಲ ಗೋಲು ಬಿತ್ತು, ಕೊನೆಗೆ ಟರ್ಕಿ ಮೂರು, ಕೊರಿಯಾ ಎರಡು. ಕಾಳಕ್ಕ ಸೊಂಟಕ್ಕೆ ಕೈ ಇಟ್ಟು ಎದ್ದಳು. "ನಂದು ಎರಡೂವರೆ ಎರಡೂವರೆ ಐದು. ಅವರದ್ದು ಎಷ್ಟಾಯ್ತು, ಕೂಡ್ಸು." ಕೂಡಿಸಿದರೆ ಐದೇ. ಹೋಟೆಲಿನಲ್ಲಿ ನ್ಯಾಯಪಂಚಾಯ್ತಿ ನಡೆಯಿತು. ಕೂಡಿಸುವ ಪದ್ಧತಿ ಫುಟ್‌ಬಾಲಿನಲ್ಲಿ ಇಲ್ಲವೆಂದು ಮೇಷ್ಟ್ರು ತೀರ್ಪು ಕೊಟ್ಟರು. ಪಾಪಣ್ಣ ನಿಟ್ಟುಸಿರು ಬಿಟ್ಟ.

ಭಾನುವಾರ ಫೈನಲ್. ದಾರಿಯುದ್ದಕ್ಕೂ ರಮ್ಯಾ ಮಂತ್ರ ಹೇಳಿಸಿದ ಹಾಗೆ ಹೇಳಿಸಿದಳು. "ಬ್ರೆಜಿಲ್ ಎರಡು, ಜರ್ಮನಿ ಸೊನ್ನೆ. ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ. ಇದೇ ಕೊನೇದು."

"ಗೊತ್ತೈತೆ ಬಾರೆ," ಎಂದಳು ಅಜ್ಜಿ.

ಹೋಟೆಲಿನಲ್ಲಿ ಟವಲ್ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಒಂಬತ್ತಾ?" ಪಾಪಣ್ಣ ಹಣೆ ಚಚ್ಚಿಕೊಂಡ. "ಒಂಬತ್ತಿನ ಹಿಡಿತ ನಾವು ದಲ್ಲಾಳಿಗಳು ಮಕ್ಕಳಿಗೂ ಬೇಗ ಹೇಳ್ಕೊಡಲ್ಲ."

"ನಾನು ನಿನ್ನ ಮಗಳಲ್ಲ ಬಿಡು."

ಅವನು ತೋರಿಸಿದ. ಅವಳಿಗೆ ಸರಿಯಾಗಿ ಬರಲಿಲ್ಲವೆಂದು ಎರಡನೇ ಸಲವೂ ತೋರಿಸಿದ. ಅಷ್ಟು ದೂರದಲ್ಲಿ ಕೂತಿದ್ದ ರಮ್ಯಾ ಕಣ್ಣು ಮುಚ್ಚಿಕೊಂಡಳು. ಬ್ರೆಜಿಲ್ ಎರಡು, ಜರ್ಮನಿ ಸೊನ್ನೆಯೇ ಆಯಿತು. ರಾಕ್ಷಸನ ಕೈಯಿಂದ ಚೆಂಡು ಜಾರಿದ್ದನ್ನೂ ಅವಳಿಗೆ ಸರಿಯಾಗಿ ಸವಿಯಲಾಗಲಿಲ್ಲ. ಮೇಷ್ಟ್ರಿಗೆ ಮಂಡಕ್ಕಿ ಬಂತು. ಪಾಪಣ್ಣ ಟವಲ್ಲನ್ನು ಪೇಟದಂತೆ ಸುತ್ತಿಕೊಂಡು ಕುಣಿದ.

ರಮ್ಯಾ ಅಜ್ಜಿಗಿಂತ ಹತ್ತು ಮಾರು ಮುಂದೆ, ಬುಸುಗುಟ್ಟುತ್ತಾ ನಡೆದಳು. "ಬಾಯಿಗೆ ತಂದು ಇಟ್ಟಿದ್ನಲ್ಲ. ನುಂಗೋಕೂ ಬರಲ್ವಾ ನಿಂಗೆ?"

ಅಜ್ಜಿ ಬೇಗ ಬೇಗ ಬಂದು ಅವಳ ಕೈ ಹಿಡಿದಳು. ಒಂದು ಗೆಣ್ಣು ಒತ್ತಿದಳು. "ಇದೆಷ್ಟು?"

"ನಂಗೇನು ಗೊತ್ತು?"

"ಏಳು. ಇದು ಆರು, ಇದು ಎಂಟು. ಹಿಂಗೆ ಗೀರಿದ್ರೆ ಅರ್ಧ." ಕಿರುಬೆರಳ ಬುಡ ಹಿಡಿದು ತಿರುಚಿದಳು. "ಇದು ಒಂಬತ್ತು. ಐದರಗಂಟ ಕತ್ತೇಗೂ ಗೊತ್ತೈತೆ. ನಿನ್ನ ಸ್ಕೋರು ಹೇಳ್ಕಂತ ಕುಂತಿದ್ರೆ ಮಿಕ್ಕಿದ್ದು ಯಾರು ಕಲಿಸೋರು?"

ರಮ್ಯಾ ದಾರಿಯಲ್ಲೇ ನಿಂತುಬಿಟ್ಟಳು. "ಗೆದ್ದಿದ್ರೂ ಅವನೇ ಕಲಿಸ್ತಿದ್ದ, ಅಲ್ವಾ?"

"ಗೆದ್ದಿದ್ರೆ ಸುಳ್ಳು ಸುಳ್ಳು ಕಲಿಸ್ತಿದ್ದ. ಸೋಲೋರ ಹತ್ರ ಯಾರೂ ಸುಳ್ಳು ಹೇಳಲ್ಲ."

"ಅವನ ಟವಲ್ ಮುಟ್ಟಲ್ಲ ಅಂದಿದ್ದೀಯಲ್ಲ?"

"ಮುಟ್ಟಲ್ಲ. ಮಾತಂದ್ರೆ ಮಾತು."

ಸಂತೆಯ ದಿನ ಚಳ್ಳಕೆರೆ ಕಡೆಯ ವ್ಯಾಪಾರಿಯೊಬ್ಬ ಟಗರಿನ ಬೆನ್ನು ಅಮುಕಿ ನೋಡಿ, ಮೆಚ್ಚಿ, ಪಾಪಣ್ಣನ ಕಡೆ ಕೈ ಚಾಚಿದ. ಪಾಪಣ್ಣ ಟವಲ್ ಕೊಡವಿದ. ಅಷ್ಟರಲ್ಲಿ ಕಾಳಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಅವರಿಬ್ಬರ ನಡುವೆ ನೀಡಿದಳು.

ಸುತ್ತಲಿನ ಕುರಿಗಳು ಮಾತ್ರ ಮಾತಾಡುತ್ತಿದ್ದವು.

"ಏನಕ್ಕ ಇದು," ಎಂದ ಪಾಪಣ್ಣ, "ಮಾನ ಮರ್ಯಾದೆ?"

"ನಿನ್ನ ಟವಲ್ ಮುಟ್ಟಿದ್ನಾ? ಇದು ನನ್ನ ಸೀರೆ."

ವ್ಯಾಪಾರಿ ಸೆರಗು ನೋಡಿದ, ಆಕಾಶ ನೋಡಿದ, ಟಗರು ನೋಡಿದ. ಮೂರರಲ್ಲಿ ಟಗರೇ ಹೆಚ್ಚು ಚೆನ್ನಾಗಿತ್ತು.

"ಇಡಪ್ಪ ಕೈಯ," ಎಂದಳು ಕಾಳಕ್ಕ. "ನಿನ್ನಂಥೋರನ್ನ ಮೂರು ಹೆತ್ತೀನಿ. ನೋಡ್ತಾ ನಿಂತ್ರೆ ಟಗರಿಗೆ ವಯಸ್ಸಾಗ್ತೈತೆ."

ಅವನು ಕೈ ಇಟ್ಟ. ಸೆರಗು ಒಮ್ಮೆ ಅಲುಗಿತು. ಕಾಳಕ್ಕ "ಅದರ ಬಾಲಕ್ಕೂ ಆಗಲ್ಲ" ಎಂದಳು. ಮತ್ತೆ ಅಲುಗಿತು. ವ್ಯಾಪಾರಿ ಬೆಚ್ಚಿ ಅವಳ ಮುಖ ನೋಡಿದ. ಅವಳು ಎಲೆಅಡಿಕೆ ಅಗಿಯುತ್ತಾ ಬೇರೆಲ್ಲೋ ನೋಡುತ್ತಿದ್ದಳು.

ಪಾಪಣ್ಣ ಒಂದು ಸಲ ಆಚೆಯಿಂದ ಬಗ್ಗಿದ, ಒಂದು ಸಲ ಈಚೆಯಿಂದ ಇಣುಕಿದ. ಕೊನೆಗೆ ತಡೆಯಲಾರದೆ ರಮ್ಯಾಳ ಹತ್ತಿರ ಸರಿದ. "ಎಷ್ಟಂತೆ?"

"ಒಳಗೆ ಮಾತಾಡ್ತಾವ್ರೆ," ಎಂದಳು ರಮ್ಯಾ. "ಸುಮ್ಕಿರ್ರಿ ಮಾವ."